ಹಳೆಯ ಡಾಸ್ ಯಂತ್ರದಲ್ಲಿ ಅಕ್ಷರ ಎಣಿಸಿದ ಕಥೆ

ಪುಣೆಯಲ್ಲಿ ನೆಲೆಸಿರುವ ನಮ್ಮೂರಿನ ಹಿರಿಯರೊಬ್ಬರ ಮನೆಯ ಅಟ್ಟದಲ್ಲಿ ಒಂದು 286 ಕಂಪ್ಯೂಟರ್ ಇತ್ತು. ತೊಂಬತ್ತರ ದಶಕದ ಶುರುವಿನಲ್ಲಿ ಅಲ್ಲಿನ ಕನ್ನಡ ಮುಸ್ಲಿಮ್ ಗೆಳೆಯರು ಸೇರಿ ತಂದ ಈದ್ ಸಂಚಿಕೆಗಳ ಬರಹವೆಲ್ಲ ಅದರಲ್ಲೇ ಟೈಪ್ ಆದದ್ದು. ಅಚ್ಚಾದ ಪ್ರತಿಗಳು ಮಳೆನೀರಿಗೆ ಹಾಳಾದವು. ಬರೆದವರಲ್ಲಿ ಹಲವರು ಈಗ ನಮ್ಮೊಂದಿಗಿಲ್ಲ. "ಗುಜರಿಗೆ ಹಾಕೋ ಮೊದಲು ಒಮ್ಮೆ ನೋಡು ಮಗಾ" ಎಂದರು ಅವರು. ನೋಡಲು ಹೊರಟಾಗ ತಿಳಿದದ್ದು, ಯಂತ್ರ ಶುರುವಾದರಷ್ಟೇ ಸಾಲದು, ಅದರೊಳಗಿನ ಬರಹವನ್ನು ಜಾಲಾಡಲು ಒಂದು ಭಾಷೆಯೂ ಬೇಕು ಎಂದು.

ಡಾಸ್ ಜೊತೆ ಬಂದ ಸಲಕರಣೆ ತೀರಾ ಕಡಿಮೆ. ಫೈಂಡ್ ಒಂದು ಪದವಿರುವ ಸಾಲನ್ನು ತೋರಿಸುತ್ತದೆ, ಸಾರ್ಟ್ ಸಾಲುಗಳನ್ನು ಜೋಡಿಸುತ್ತದೆ, ಎಡ್‌ಲಿನ್ ಒಂದೊಂದೇ ಸಾಲು ತಿದ್ದುತ್ತದೆ. ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ಕೊಡುವ 'ಪೈಪ್' 1983ರ ಡಾಸ್ 2.0ರಲ್ಲಿ ಬಂತು. ಆದರೆ ಯುನಿಕ್ಸ್‌ನಲ್ಲಿ ಎರಡೂ ಆಜ್ಞೆಗಳು ಒಟ್ಟಿಗೇ ಓಡುತ್ತವೆ. ಡಾಸ್‌ನಲ್ಲಿ ಮೊದಲನೆಯದು ಮುಗಿಯುವ ತನಕ ಎಲ್ಲವನ್ನೂ ತಾತ್ಕಾಲಿಕ ಕಡತಕ್ಕೆ ಬರೆದು, ಆಮೇಲೆ ಎರಡನೆಯದು ಓದಬೇಕು. ಏಕಕಾಲಕ್ಕೆ ಎರಡು ಕೆಲಸ ಮಾಡುವ ಶಕ್ತಿಯೇ ಅದಕ್ಕಿರಲಿಲ್ಲ.

ಬರಹವನ್ನು ಸಂಸ್ಕರಿಸುವ ಭಾಷೆಗಳು ಹುಟ್ಟಿದ್ದು ದೊಡ್ಡ ಯಂತ್ರಗಳ ಮೇಲೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ಫಾರ್ಬರ್, ಗ್ರಿಸ್ವಾಲ್ಡ್, ಪೊಲೊನ್‌ಸ್ಕಿ ಎಂಬ ಮೂವರು ಸ್ನೋಬಾಲ್ ಭಾಷೆಯ ಕೆಲಸ ಶುರು ಮಾಡಿದರು. ಅದೇ ಪ್ರಯೋಗಾಲಯದಲ್ಲಿ ಎಪ್ಪತ್ತರ ದಶಕದಲ್ಲಿ ಗ್ರೆಪ್, ಸೆಡ್ ಬಂದವು. 1977ರಲ್ಲಿ ಅಹೊ, ವೈನ್‌ಬರ್ಗರ್, ಕರ್ನಿಘನ್ ತಮ್ಮ ಹೆಸರುಗಳ ಮೊದಲಕ್ಷರ ಸೇರಿಸಿ 'ಆಕ್' ಎಂಬ ಭಾಷೆ ಮಾಡಿದರು. ಅದರ ತತ್ವ ಸರಳ: ಕಡತವನ್ನು ಸಾಲು ಸಾಲಾಗಿ ಓದು, ಸಾಲು ಇಂಥ ನಮೂನೆಗೆ ಹೊಂದಿದರೆ ಇಂಥ ಕೆಲಸ ಮಾಡು. ಸಾಲಿನ ಪದಗಳನ್ನು ಅದೇ ಬಿಡಿಸಿಕೊಡುತ್ತದೆ. ಬೇರೆ ಭಾಷೆಯಲ್ಲಿ ಪುಟಗಟ್ಟಲೆ ಬರೆಯುವ ಕೆಲಸ ಇದರಲ್ಲಿ ಎರಡು ಸಾಲಿನಲ್ಲಿ ಮುಗಿದೀತು.

ಇವು ಸಣ್ಣ ಯಂತ್ರಕ್ಕೆ ಇಳಿಯತೊಡಗಿದ್ದು ಎಂಬತ್ತರ ದಶಕದಲ್ಲಿ. ಕೆಲವನ್ನು ಕಂಪನಿಗಳು ಮಾರಿದವು, ಕೆಲವನ್ನು ಪ್ರೋಗ್ರಾಮರುಗಳು ಪುಕ್ಕಟೆ ಹಂಚಿದರು. ಗ್ನೂ ಯೋಜನೆಯ 'ಗಾಕ್', ಮೈಕ್ ಬ್ರೆನನ್ ಬರೆದ 'ಮಾಕ್' ಹೀಗೆ ಬಂದವು. ಅಮೆರಿಕದ ಸೇನೆಯ ವೈಟ್ ಸ್ಯಾಂಡ್ಸ್ ಕೇಂದ್ರದ ಸಿಮ್‌ಟೆಲ್ ಎಂಬ ಭಂಡಾರದಲ್ಲಿ ಇಂಥ ತಂತ್ರಾಂಶಗಳ ರಾಶಿಯೇ ಇತ್ತು. 1993ರಲ್ಲಿ ಆ ಯಂತ್ರ ನಿಂತರೂ ಸಂಗ್ರಹ ಸಿಡಿಗಳಲ್ಲಿ, ಬೇರೆ ಕಡೆಯ ಪ್ರತಿಗಳಲ್ಲಿ ಉಳಿಯಿತು. 1994ರಲ್ಲಿ ಜಿಮ್ ಹಾಲ್ ಎಂಬ ವಿದ್ಯಾರ್ಥಿ ಶುರು ಮಾಡಿದ ಫ್ರೀಡಾಸ್ ಯೋಜನೆ ಇಂದಿಗೂ ನಡೆಯುತ್ತಿದೆ.

ಆದರೆ ಸಿಕ್ಕಿದ್ದೆಲ್ಲ ಓಡುವುದಿಲ್ಲ. ನಾನು ಮೊದಲು ತಂದ ಗಾಕ್, ಡಿ.ಜೆ. ಡೆಲೊರಿಯವರ ಡಿಜೆಜಿಪಿಪಿಯಲ್ಲಿ ಕಟ್ಟಿದ್ದು. ಅದಕ್ಕೆ 386 ಬೇಕು, ನಮ್ಮದು 286. ಕೊನೆಗೆ ಹಳೆಯ 16 ಬಿಟ್ ರೂಪದ ಮಾಕ್ ಕೈಹಿಡಿಯಿತು. ಹಳೆಯ ಯಂತ್ರಕ್ಕೆ ಸಲಕರಣೆ ಹುಡುಕುವ ವಿದ್ಯಾರ್ಥಿಗಳಿಗೆ ಇದೊಂದು ಕಿವಿಮಾತು: ಹೆಸರು ನೋಡಿ ತರಬೇಡಿ, ಯಾವ ಪ್ರೊಸೆಸರಿಗೆ ಕಟ್ಟಿದ್ದು ಎಂದು ನೋಡಿ ತನ್ನಿ.

ಮುಂದಿನ ತೊಡಕು ಲಿಪಿಯದು. ಕಡತ ತೆರೆದರೆ ಬರೀ ಗೀರು, ಚೌಕಗಳು. ಇದು ಕನ್ನಡವೇ? ಆಗಿದ್ದರೆ ಯಾವ ಸಂಕೇತದಲ್ಲಿದೆ? ಹಳೆಯ ಕನ್ನಡ ಕಡತಗಳಲ್ಲಿ ಎರಡು ಬಗೆ. ಕೆಲವು ಫಾಂಟ್ ಸಂಕೇತಗಳು, ಅಂದರೆ ಸಂಖ್ಯೆಯೊಂದು ಅಕ್ಷರವನ್ನಲ್ಲ, ಅಕ್ಷರದ ತುಂಡಿನ ಆಕಾರವನ್ನು ಸೂಚಿಸುತ್ತದೆ. ಇನ್ನೊಂದು ಇಸ್ಕಿ. ಅದು 1991ರಲ್ಲಿ ಭಾರತೀಯ ಮಾನಕವಾಯಿತು. ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್ ಹಾಕಿದ ಡಾಸ್ ಯಂತ್ರಗಳಲ್ಲಿ ನಡೆಯುತ್ತಿದ್ದದ್ದು ಇದೇ. ಇದರಲ್ಲಿ 'ಕ'ಕ್ಕೆ 179, ಹಲಂತಕ್ಕೆ 232.

ಇಲ್ಲಿ ನನಗೆ ನೆನಪಾದವರು ಒಂಬತ್ತನೇ ಶತಮಾನದ ಅಲ್-ಕಿಂದಿ. ಗುಪ್ತಲಿಪಿ ಬಿಡಿಸಲು ಅವರು ತೋರಿದ ದಾರಿ ಹೀಗಿತ್ತು: ಆ ಭಾಷೆಯ ಸಾಮಾನ್ಯ ಬರಹವೊಂದರಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸು, ಗುಪ್ತ ಬರಹದ ಚಿಹ್ನೆಗಳನ್ನೂ ಎಣಿಸು, ಎರಡನ್ನೂ ಹೋಲಿಸು. ನಾನೂ ಅದನ್ನೇ ಮಾಡಿದೆ. ಅಕ್ಷರದ ಸಂಖ್ಯೆ ಹೇಳುವ ಸೌಲಭ್ಯ ಆಕ್‌ನಲ್ಲಿ ನೇರವಾಗಿ ಇಲ್ಲ. ಹಾಗಾಗಿ ಮೊದಲು 0ಯಿಂದ 255ರ ತನಕದ ಕೋಷ್ಟಕ ಕಟ್ಟಿಕೊಂಡು, ಆಮೇಲೆ ಕಡತದ ಒಂದೊಂದೇ ಚಿಹ್ನೆ ಎಣಿಸಬೇಕು. ಕೆಲವು ಕಡತಗಳಲ್ಲಿ 232 ಮುಂಚೂಣಿಗೆ ಬಂತು. ಒತ್ತಕ್ಷರ ತುಂಬಿದ ಕನ್ನಡದಲ್ಲಿ ಹಲಂತ ಹೆಚ್ಚಿರುವುದು ಸಹಜವೇ ತಾನೆ? ಇಸ್ಕಿ ಎಂದು ಖಾತ್ರಿಯಾಯಿತು.

ಅದಾದ ಮೇಲೆ ದಾರಿ ಸಲೀಸು. ಯುನಿಕೋಡ್‌ನ ಕನ್ನಡ ವಿಭಾಗ ರೂಪುಗೊಂಡದ್ದು ಇಸ್ಕಿಯ 1988ರ ರೂಪದ ಮೇಲೆ. ಆದ್ದರಿಂದ ಬಹುಪಾಲು ಅಕ್ಷರಗಳಿಗೆ ಇಲ್ಲೊಂದು ಅಲ್ಲೊಂದು ಎಂಬ ನೇರ ಹೊಂದಿಕೆ ಇದೆ. ಎರಡೂ ನಮ್ಮ ವರ್ಣಮಾಲೆಯ ಕ್ರಮವನ್ನೇ ಹಿಡಿದಿವೆ, ಕಂಠದಿಂದ ತುಟಿಯತ್ತ. ಎಂಟನೇ ಶತಮಾನದಲ್ಲಿ ಬಸ್ರಾದ ಅಲ್-ಖಲೀಲ್ ತಮ್ಮ ಅರಬಿ ನಿಘಂಟು 'ಕಿತಾಬುಲ್ ಐನ್'ನಲ್ಲಿ ಪದಗಳನ್ನು ಜೋಡಿಸಿದ್ದೂ ಗಂಟಲಿನಿಂದ ತುಟಿಯ ಕಡೆಗೆ. ಅದಕ್ಕೇ ಗಂಟಲ ಅಕ್ಷರ 'ಐನ್' ಆ ಗ್ರಂಥದ ಹೆಸರಾದದ್ದು.

ಎರಡು ಎಚ್ಚರಿಕೆ ಹೇಳಬೇಕು. ಡಾಸ್‌ನ ಅನೇಕ ಸಲಕರಣೆಗಳು 26ನೇ ಚಿಹ್ನೆ ಕಂಡರೆ ಕಡತ ಮುಗಿಯಿತೆಂದು ನಿಂತುಬಿಡುತ್ತವೆ. ಕೆಲವು ಹಳೆಯವು 127ರ ಮೇಲಿನ ಸಂಖ್ಯೆಗಳನ್ನು ಕತ್ತರಿಸುತ್ತವೆ, ಕನ್ನಡ ಇರುವುದೇ ಅಲ್ಲಿ! ಹಾಗಾಗಿ ಮೂಲ ಕಡತ ಮುಟ್ಟದೆ, ಪ್ರತಿಯ ಮೇಲೆ ಮಾತ್ರ ಕೈಯಾಡಿಸಿ.

ಎಲ್ಲವೂ ಉಳಿಯಲಿಲ್ಲ. ಫಾಂಟ್ ಸಂಕೇತದ ಕಡತಗಳು ಇನ್ನೂ ಬಾಯಿ ಬಿಟ್ಟಿಲ್ಲ. ಉಳಿದದ್ದರಲ್ಲಿ ಬ್ಯಾರಿ ಭಾಷೆಯ ಗಾದೆಗಳ ಒಂದು ಪಟ್ಟಿ ಇತ್ತು, ಕನ್ನಡ ಲಿಪಿಯಲ್ಲಿ. ಅದನ್ನು ಬರೆದದ್ದು ಆ ಹಿರಿಯರ ತೀರಿಹೋದ ಹೆಂಡತಿ. ಅವರು ಕನ್ನಡಕ ಒರೆಸಿಕೊಂಡು ಒಂದೊಂದನ್ನೇ ಗಟ್ಟಿಯಾಗಿ ಓದಿದರು. ನಡುವೆ ಒಂದು ಕಡೆ ನಿಲ್ಲಿಸಿ, "ಇದರಲ್ಲೊಂದು ಪದ ತಪ್ಪಿದೆ, ಅವಳು ಯಾವಾಗಲೂ ಹೀಗೇ ಹೇಳ್ತಿದ್ದಳು, ತಿದ್ದಬೇಡ" ಎಂದರು.

ನಿಮ್ಮ ಮನೆಯ ಅಟ್ಟದಲ್ಲೂ ಅಂಥ ಯಂತ್ರವೋ ಫ್ಲಾಪಿಯೋ ಇದ್ದರೆ ಗುಜರಿಯವನನ್ನು ಕರೆಯುವ ಮೊದಲು ಒಮ್ಮೆ ತೆರೆದು ನೋಡಿ.