ವೈದ್ಯಕೀಯ ಗ್ರಂಥಾಲಯ: ಹುಡುಕುವ ಕ್ರಮ, ಒರೆಗೆ ಹಚ್ಚುವ ಕ್ರಮ

ಆಸ್ಪತ್ರೆಯ ವೈದ್ಯಕೀಯ ಗ್ರಂಥಾಲಯದಲ್ಲಿ ಬಳಕೆಯಲ್ಲಿರುವ ಹಲವು ಆಕರಗಳು ಇಂದು ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿವೆ. ವೈದ್ಯಕೀಯ ವಿದ್ಯಾರ್ಥಿಗಳಿಗೂ ರೋಗಿಗಳ ಮನೆಯವರಿಗೂ ನೆರವಾಗಲೆಂದು ಅವುಗಳ ಪರಿಚಯವನ್ನು ಇಲ್ಲಿ ನೀಡುತ್ತಿದ್ದೇವೆ.

ಆಕರಗಳು: ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1997ರಲ್ಲಿ ಪಬ್‌ಮೆಡ್ ಅನ್ನು ಉಚಿತವಾಗಿ ತೆರೆಯಿತು. ಸಂಶೋಧನಾ ಲೇಖನಗಳ ವಿವರ, ಸಾರಾಂಶಗಳು ಇದರಲ್ಲಿವೆ. 2000ದಲ್ಲಿ ಆರಂಭವಾದ ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಪೂರ್ಣ ಲೇಖನಗಳೇ ದೊರೆಯುತ್ತವೆ. ಜನಸಾಮಾನ್ಯರಿಗಾಗಿ ಸರಳ ಭಾಷೆಯ ಮೆಡ್‌ಲೈನ್‌ಪ್ಲಸ್ ಇದೆ. ಒಂದೇ ಪ್ರಶ್ನೆ ಕುರಿತ ಹಲವು ಅಧ್ಯಯನಗಳನ್ನು ತೂಗಿ ನೋಡಿದ ಸಮೀಕ್ಷೆಗಳು ಕಾಕ್ರೇನ್ ಲೈಬ್ರರಿಯಲ್ಲಿವೆ.

ಹುಡುಕುವ ಕ್ರಮ: ಮೊದಲು ಪ್ರಶ್ನೆಯನ್ನು ನಾಲ್ಕು ಭಾಗ ಮಾಡಿಕೊಳ್ಳಬೇಕು. ರೋಗಿ ಎಂಥವರು, ಚಿಕಿತ್ಸೆ ಯಾವುದು, ಯಾವುದರೊಡನೆ ಹೋಲಿಕೆ, ನಿರೀಕ್ಷಿತ ಫಲವೇನು? ಬಳಿಕ ‘ಮೆಶ್’ ಎಂಬ ವಿಷಯ ಪದಕೋಶದಿಂದ ಸರಿಯಾದ ಪದವನ್ನು ಆರಿಸಬೇಕು. ‘ಹಾರ್ಟ್ ಅಟ್ಯಾಕ್’ ಅಲ್ಲಿ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಆಗಿರುತ್ತದೆ.

ಒರೆಗೆ ಹಚ್ಚುವ ಕ್ರಮ: ಅಚ್ಚಾದುದೆಲ್ಲವೂ ಸತ್ಯವಲ್ಲ. ದಡಾರ, ಮಂಗನಬಾವು, ರುಬೆಲ್ಲಾ ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ ಲೇಖನವು 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಅದರ ಆಧಾರ ಕೇವಲ 12 ಮಕ್ಕಳು. ಪತ್ರಿಕೆಯು 2010ರಲ್ಲಿ ಅದನ್ನು ಹಿಂತೆಗೆದುಕೊಂಡಿತು. ಅಷ್ಟರೊಳಗೆ ಎಷ್ಟೋ ತಂದೆತಾಯಿಗಳು ಲಸಿಕೆಗೆ ಅಂಜಿದ್ದರು. ಹಿಂತೆಗೆದ ಲೇಖನಗಳಿಗೆ ಪಬ್‌ಮೆಡ್‌ನಲ್ಲಿ ಸ್ಪಷ್ಟ ಸೂಚನೆ ಇರುತ್ತದೆ. ಅದನ್ನು ಮೊದಲು ನೋಡಬೇಕು. ಸಾರಾಂಶವೊಂದನ್ನೇ ನೆಚ್ಚದೆ ಪೂರ್ಣ ಲೇಖನವನ್ನೂ ಓದಬೇಕು.

ಓದುಗ ಬಂಧುಗಳಲ್ಲಿ ನಮ್ಮ ಅರಿಕೆಯಿಷ್ಟೆ: ಮೊಬೈಲಿಗೆ ಬಂದ ಔಷಧದ ಸುದ್ದಿಯನ್ನು ಹಂಚುವ ಮೊದಲು ಈ ಆಕರಗಳಲ್ಲಿ ಪರಿಶೀಲಿಸಿರಿ. ಕಂಡುಕೊಂಡುದನ್ನು ವೈದ್ಯರ ಮುಂದಿಟ್ಟು ಕೇಳಿರಿ. ಅವರ ಸಲಹೆಯಿಲ್ಲದೆ ಮಾತ್ರೆ ನಿಲ್ಲಿಸುವುದಾಗಲಿ, ಬದಲಿಸುವುದಾಗಲಿ ಬೇಡ.