ಥೇಮ್ಸ್ ನದಿಗೆ ಬೀಳದ ಹಸ್ತಪ್ರತಿ

ಸ್ಪರ್ಧೆಗೆ ಕಳಿಸಿದ ಕಥೆ ಮರಳಿ ಬಂದಿತೆಂದು ಕೊರಗುವ ತರುಣರನ್ನು ಕಂಡಾಗಲೆಲ್ಲ ನನಗೆ ಮೈಸೂರಿನ ಆರ್. ಕೆ. ನಾರಾಯಣರ ನೆನಪಾಗುತ್ತದೆ. ಅವರ ಮೊದಲ ಕಾದಂಬರಿಯನ್ನು ಇಂಗ್ಲೆಂಡಿನ ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. ಬೇಸತ್ತ ನಾರಾಯಣರು, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಯಲ್ಲಿ ಮುಳುಗಿಸಿಬಿಡು ಎಂದು ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯ ಪೂರ್ಣರಿಗೆ ಬರೆದರು. ಪೂರ್ಣರು ಮುಳುಗಿಸಲಿಲ್ಲ, ಗ್ರಹಾಂ ಗ್ರೀನರ ಕೈಗಿತ್ತರು. ಗ್ರೀನರ ಶಿಫಾರಸಿನಿಂದ 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾಯಿತು.

ಲೇಖಕರ ಪರವಾಗಿ ಪ್ರಕಾಶಕರೊಡನೆ ವ್ಯವಹರಿಸುವ ಏಜೆಂಟರ ಕಸುಬು ಲಂಡನ್ನಿನಲ್ಲಿ 19ನೆಯ ಶತಮಾನದಲ್ಲಿಯೇ ಬೇರೂರಿತ್ತು. ನಾರಾಯಣರ ಪಾಲಿಗೆ ಮೊದಲು ಆ ಕೆಲಸ ಮಾಡಿದ್ದು ಸ್ನೇಹ, ಅದೂ ಕಮಿಷನ್ ಇಲ್ಲದೆ! ಪುಸ್ತಕವೇನೋ ಹೆಚ್ಚು ಮಾರಲಿಲ್ಲ. 1937ರಲ್ಲಿ ಎರಡನೆಯ ಕಾದಂಬರಿಗೆ ಬೇರೆ ಪ್ರಕಾಶಕರೇ ಬೇಕಾಯಿತು. ಆದರೂ ಅವರು ಬರೆಯುವುದನ್ನು ಬಿಡಲಿಲ್ಲ.

ಮರಳಿ ಬಂದ ಕಥೆಯನ್ನು ಹರಿದೆಸೆಯುವ ಮುನ್ನ ಒಬ್ಬ ಗೆಳೆಯನಿಗಾದರೂ ಓದಲು ಕೊಡಿ ಎಂದಷ್ಟೇ ನಾನು ಆ ತರುಣರಿಗೆ ಹೇಳುತ್ತೇನೆ.