ತಿಂಗಳಿಗೊಂದು ಹೆಸರಿನ ಫೈಲು, ಒಂದೇ ಮ್ಯಾಕ್ರೊ

ಸ್ಪ್ರೆಡ್‌ಶೀಟಿನಲ್ಲಿ ಪದೇ ಪದೇ ಮಾಡುವ ಕೆಲಸವನ್ನು ಒಮ್ಮೆ ಬರೆದಿಟ್ಟು, ಬೇಕಾದಾಗ ಗುಂಡಿ ಒತ್ತಿ ಮಾಡಿಸಿಕೊಳ್ಳುವ ಆದೇಶಗಳ ಸರಣಿಯೇ ಮ್ಯಾಕ್ರೊ. ಎಕ್ಸೆಲ್‌ನಲ್ಲಿ ಇದನ್ನು ಬರೆಯುವ ಭಾಷೆ ವಿಬಿಎ. ಅದು ಬಂದದ್ದು 1993ರ ಎಕ್ಸೆಲ್ 5ರ ಜೊತೆ. ಕೆಲಸ ಅದೇ ಇದ್ದು ಫೈಲಿನ ಹೆಸರು ಮಾತ್ರ ಪ್ರತಿಸಲ ಬೇರೆಯಾದರೆ ಸಾಮಾನ್ಯ ಮ್ಯಾಕ್ರೊ ಅಲ್ಲೇ ನಿಂತುಬಿಡುತ್ತದೆ. ಲೆಕ್ಕ ಬರೆಯುವವರಿಗೆ ಈ ತೊಡಕು ಹೆಚ್ಚಾಗಿ ಎದುರಾಗುವುದು ಜಿಎಸ್‌ಟಿ ಪೋರ್ಟಲ್‌ನಿಂದ ಇಳಿಸಿಕೊಂಡ ಫೈಲುಗಳಲ್ಲಿ.

ಬೈಯಪ್ಪನಹಳ್ಳಿಯ ಒಂದು ಉದಾಹರಣೆ

ಬೆಂಗಳೂರಿನ ಬೈಯಪ್ಪನಹಳ್ಳಿಯಲ್ಲಿ ಟ್ರಾನ್ಸ್‌ಫಾರ್ಮರ್, ಮೋಟರ್ ತಯಾರಿಸುತ್ತಿದ್ದ ಎನ್‌ಜಿಇಎಫ್ ಕಾರ್ಖಾನೆ 2002ರಲ್ಲಿ ಮುಚ್ಚಿತು. ಆ ಕಸುಬನ್ನೇ ನಂಬಿದ ಒಂದು ಪುಟ್ಟ ವೈಂಡಿಂಗ್ ವರ್ಕ್‌ಶಾಪು ಹಳೇ ಮದ್ರಾಸ್ ರಸ್ತೆಯ ಪಕ್ಕದಲ್ಲಿದೆ, ಹೊಸೂರಿನಲ್ಲಿ ಅದಕ್ಕೊಂದು ಶಾಖೆಯೂ ಇದೆ ಎಂದಿಟ್ಟುಕೊಳ್ಳೋಣ. ರಾಜ್ಯ ಬೇರೆಯಾದ್ದರಿಂದ ಜಿಎಸ್‌ಟಿ ಸಂಖ್ಯೆಯೂ ಎರಡು: ಕರ್ನಾಟಕದ್ದು 29ರಿಂದ, ತಮಿಳುನಾಡಿನದು 33ರಿಂದ ಶುರುವಾಗುತ್ತದೆ.

ತಿಂಗಳ ಖರೀದಿಯ ಮೇಲೆ ಎಷ್ಟು ತೆರಿಗೆ ವಾಪಸು ಹಿಡಿಯಬಹುದು ಎಂದು ತೋರಿಸುವ ಪಟ್ಟಿ ಜಿಎಸ್‌ಟಿಆರ್-2ಬಿ. ಇದು ಬಂದದ್ದು 2020ರಲ್ಲಿ. ಮುಂದಿನ ತಿಂಗಳ 14ಕ್ಕೆ ಪಟ್ಟಿ ತಯಾರಾಗುತ್ತದೆ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ 20 ಕೊನೆಯ ದಿನ. ನಡುವಿನ ಈ ಕೆಲವೇ ದಿನಗಳಲ್ಲಿ ಪಟ್ಟಿಯನ್ನು ಲೆಕ್ಕದ ತಂತ್ರಾಂಶ ಟ್ಯಾಲಿಯ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಿ ಮುಗಿಸಬೇಕು. ಫೈಲಿನ ಹೆಸರಲ್ಲಿ ಮೊದಲು ತಿಂಗಳು ಮತ್ತು ವರ್ಷ, ಆಮೇಲೆ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಕೊನೆಗೆ ದಿನಾಂಕ ಇರುತ್ತದೆ. ಹೀಗಾಗಿ ಕಳೆದ ತಿಂಗಳ ಹೆಸರು ಈ ತಿಂಗಳಿಗೆ ಬರುವುದಿಲ್ಲ. ಅದೇ ಫೈಲನ್ನು ಎರಡನೇ ಸಲ ಇಳಿಸಿಕೊಂಡರೆ ಬ್ರೌಸರ್ ತನ್ನದೊಂದು (1) ಸೇರಿಸಿಬಿಡುತ್ತದೆ.

ರೆಕಾರ್ಡ್ ಮಾಡಿದ ಮ್ಯಾಕ್ರೊ ಯಾಕೆ ಕೆಡುತ್ತದೆ?

ಮ್ಯಾಕ್ರೊ ರೆಕಾರ್ಡರ್ ನಾವು ಮಾಡಿದ್ದನ್ನು ಇದ್ದಹಾಗೇ ಬರೆದುಕೊಳ್ಳುತ್ತದೆ. ಮಾರ್ಚ್ ತಿಂಗಳ ಫೈಲು ತೆರೆದು ರೆಕಾರ್ಡ್ ಮಾಡಿದರೆ ಮಾರ್ಚ್ ಹೆಸರೇ ಅಕ್ಷರಶಃ ಕೋಡಿನಲ್ಲಿ ಕೂರುತ್ತದೆ. ಏಪ್ರಿಲ್‌ನಲ್ಲಿ ಆ ಹೆಸರಿನ ಫೈಲು ಜಾಗದಲ್ಲಿ ಇಲ್ಲದಿದ್ದರೆ 1004ನೇ ದೋಷ ಬರುತ್ತದೆ. ತೆರೆದೇ ಇರದ ಫೈಲನ್ನು ಹೆಸರು ಹಿಡಿದು ಕರೆದರೆ 9ನೇ ದೋಷ.

ಇದಕ್ಕೆ ಮೊದಲ ಪರಿಹಾರ, ಫೈಲನ್ನು ತೆರೆಯುವಾಗಲೇ ಒಂದು ವೇರಿಯಬಲ್‌ಗೆ ಕಟ್ಟಿಹಾಕುವುದು. ‘ವರ್ಕ್‌ಬುಕ್ಸ್ ಡಾಟ್ ಓಪನ್’ ಎಂಬ ಆದೇಶ ತೆರೆದ ಫೈಲನ್ನೇ ನಮ್ಮ ಕೈಗೆ ಕೊಡುತ್ತದೆ. ಅದನ್ನು ‘ಖರೀದಿ’ ಎಂಬರ್ಥದ ಯಾವುದಾದರೂ ವೇರಿಯಬಲ್‌ನಲ್ಲಿ ಹಿಡಿದುಕೊಂಡರೆ ಮುಂದಿನ ಸಾಲುಗಳಲ್ಲಿ ನಿಜವಾದ ಹೆಸರು ಬೇಕಾಗುವುದೇ ಇಲ್ಲ.

ಫೈಲನ್ನು ಹುಡುಕುವ ದಾರಿಗಳು

ಅತಿ ಸರಳ ದಾರಿ ಬಳಸುವವರನ್ನೇ ಕೇಳುವುದು. ‘ಗೆಟ್ ಓಪನ್ ಫೈಲ್‌ನೇಮ್’ ಎಂಬ ಆದೇಶ ಫೈಲು ಆರಿಸುವ ಕಿಟಕಿ ತೆರೆಯುತ್ತದೆ. ತಿಂಗಳಿಗೆ ಒಂದೆರಡೇ ಫೈಲು ಇರುವ ಕಡೆ ಇದಕ್ಕಿಂತ ಹೆಚ್ಚಿನದು ಬೇಡವೆಂದೇ ನನ್ನ ಅಭಿಪ್ರಾಯ.

ಫೈಲುಗಳು ಹೆಚ್ಚಿದ್ದರೆ ‘ಡಿರ್’ ಎಂಬ ಆದೇಶ ನೆರವಿಗೆ ಬರುತ್ತದೆ. ಹೆಸರಿನ ಬದಲಾಗದ ಭಾಗವನ್ನು ಬರೆದು, ಬದಲಾಗುವ ಕಡೆ * ಹಾಕಬೇಕು. *_29*_GSTR2B_* ಎಂಬ ಮಾದರಿ ಕೊಟ್ಟರೆ ಬೆಂಗಳೂರಿನ ಫೈಲುಗಳಷ್ಟೇ ಸಿಗುತ್ತವೆ, ಹೊಸೂರಿನವು ಪಕ್ಕಕ್ಕೆ ಸರಿಯುತ್ತವೆ. ಒಂದು ಕರೆಗೆ ಒಂದೇ ಹೆಸರು ಬರುತ್ತದೆ. ಮಾದರಿ ಕೊಡದೆ ಮತ್ತೆ ಕರೆದರೆ ಮುಂದಿನದು. ಬರುವುದು ಹೆಸರು ಮಾತ್ರ, ಆದ್ದರಿಂದ ತೆರೆಯುವ ಮುನ್ನ ಫೋಲ್ಡರಿನ ದಾರಿಯನ್ನು ನಾವೇ ಅಂಟಿಸಬೇಕು. ಒಂದು ಡಿರ್ ಹುಡುಕಾಟ ಮುಗಿಯುವ ಮೊದಲೇ ನಡುವೆ ಇನ್ನೊಂದನ್ನು ಶುರು ಮಾಡಿದರೆ ಮೊದಲನೆಯದು ಮರೆತೇಹೋಗುತ್ತದೆ.

‘ಹೊಸದು’ ಯಾವುದು?

ಹೆಚ್ಚಿನವರು ಎಡವುವುದು ಇಲ್ಲಿ. ಸಿಕ್ಕಿದ ಫೈಲುಗಳಲ್ಲಿ ಇತ್ತೀಚಿನದನ್ನು ತೆಗೆದುಕೋ ಎಂದು ಮ್ಯಾಕ್ರೊಗೆ ಹೇಳುವುದು ಸುಲಭ, ನೆಚ್ಚಿಕೊಳ್ಳುವುದು ಕಷ್ಟ. ಈ ಫೈಲುಗಳಲ್ಲಿ ತಿಂಗಳು ಮೊದಲು, ವರ್ಷ ಆಮೇಲೆ. ಹೆಸರಿನ ಪ್ರಕಾರ ಜೋಡಿಸಿದರೆ 2025ರ ಜನವರಿಯ 012025 ಮೇಲೆ, 2024ರ ಡಿಸೆಂಬರಿನ 122024 ಅದರ ಕೆಳಗೆ! ಫೈಲು ಉಳಿಸಿದ ಸಮಯ ನೋಡೋಣವೆಂದರೆ, ಆಡಿಟರ್ ಕೇಳಿದರೆಂದು ಹೋದ ವರ್ಷದ ಪಟ್ಟಿಯನ್ನು ನಿನ್ನೆ ಇಳಿಸಿಕೊಂಡಿದ್ದರೆ ಅದೇ ಎಲ್ಲಕ್ಕಿಂತ ಹೊಸದಾಗಿ ಕಾಣುತ್ತದೆ. 2024ರ ಅಕ್ಟೋಬರ್‌ನಲ್ಲಿ ಮಾರಿದವರ ಬಿಲ್ಲುಗಳನ್ನು ಪೋರ್ಟಲ್‌ನಲ್ಲೇ ಒಪ್ಪುವ ಅಥವಾ ತಳ್ಳಿಹಾಕುವ ಐಎಂಎಸ್ ವ್ಯವಸ್ಥೆ ಬಂದ ಮೇಲೆ 14ರ ನಂತರವೂ ಪಟ್ಟಿಯನ್ನು ಮರುಲೆಕ್ಕ ಹಾಕಿಸಬಹುದು. ಒಂದೇ ತಿಂಗಳಿಗೆ ಎರಡು ಫೈಲು ಇರುವುದೂ ಉಂಟು.

ಆದ್ದರಿಂದ ಹೆಸರನ್ನು ಹುಡುಕುವುದಕ್ಕಷ್ಟೇ ಬಳಸಿ, ತೀರ್ಮಾನವನ್ನು ಫೈಲಿನ ಒಳಗಿನ ಮಾಹಿತಿಗೆ ಬಿಡುವುದು ಕ್ಷೇಮ. 2ಬಿ ಫೈಲಿನ ‘ರೀಡ್ ಮಿ’ ಹಾಳೆಯಲ್ಲಿ ಆರ್ಥಿಕ ವರ್ಷ, ತೆರಿಗೆ ಅವಧಿ, ಜಿಎಸ್‌ಟಿ ಸಂಖ್ಯೆ, ತಯಾರಾದ ದಿನಾಂಕ ಎಲ್ಲ ಇರುತ್ತದೆ. ಬೇಕಾದ ತಿಂಗಳನ್ನು ನಮ್ಮ ಹಾಳೆಯ ಒಂದು ಕೋಶದಲ್ಲಿ ಬರೆದಿಟ್ಟು, ಎರಡೂ ಹೊಂದಿದರೆ ಮಾತ್ರ ಮುಂದುವರಿಯುವಂತೆ ಮ್ಯಾಕ್ರೊ ಬರೆಯಬೇಕು. ಹೊಂದದಿದ್ದರೆ ಏನನ್ನೂ ಮುಟ್ಟದೆ ನಿಲ್ಲಬೇಕು.

ನಾವೇ ಹೆಸರಿಡುವ ಫೈಲುಗಳಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ 20250114 ಎಂದು ಬರೆದರೆ ಜೋಡಣೆಯ ಗೊಂದಲ ಇರುವುದಿಲ್ಲ.

ಕನ್ನಡ ಹೆಸರಿನ ಫೈಲುಗಳು

‘ಖರೀದಿ_ಏಪ್ರಿಲ್’ ಎಂದು ಕನ್ನಡದಲ್ಲೇ ಹೆಸರಿಟ್ಟರೆ ವಿಂಡೋಸ್ ಸಲೀಸಾಗಿ ತೋರಿಸುತ್ತದೆ, ಡಿರ್ ಮಾತ್ರ ಪ್ರಶ್ನೆಚಿಹ್ನೆಗಳ ಸಾಲನ್ನು ಕೊಡುತ್ತದೆ. ವಿಬಿಎಯ ಈ ಭಾಗ ಯುನಿಕೋಡ್‌ಗಿಂತ ಹಿಂದಿನ ಸಂಕೇತಪಟ್ಟಿಗಳನ್ನು ನೆಚ್ಚಿಕೊಂಡಿದೆ. ವಿಂಡೋಸಿನಲ್ಲಿ ಕನ್ನಡಕ್ಕೆ ಅಂಥ ಪಟ್ಟಿಯೇ ಇಲ್ಲ. ಭಾಷೆಯ ಸೆಟ್ಟಿಂಗನ್ನು ಕನ್ನಡಕ್ಕೆ ಬದಲಿಸಿದರೂ ಉಪಯೋಗವಾಗದಿರಲು ಇದೇ ಕಾರಣ. ಡಿರ್ ಬದಲು ‘ಫೈಲ್ ಸಿಸ್ಟಮ್ ಆಬ್ಜೆಕ್ಟ್’ ಬಳಸಿದರೆ ಕನ್ನಡ ಹೆಸರು ಸರಿಯಾಗಿ ಸಿಗುತ್ತದೆ. ಕೋಡಿನೊಳಗೆ ನೇರವಾಗಿ ಕನ್ನಡ ಬರೆಯಲಾಗದು. ಹೆಸರನ್ನು ಹಾಳೆಯ ಕೋಶದಲ್ಲಿಟ್ಟು ಅಲ್ಲಿಂದ ಓದಿಸಬೇಕು.

ಮ್ಯಾಕ್ರೊ ಇಡುವ ಜಾಗ

ಮ್ಯಾಕ್ರೊವನ್ನು ಇಳಿಸಿಕೊಂಡ ಫೈಲಿನಲ್ಲಿ ಇಡದೆ ನಮ್ಮದೇ ಬೇರೆ ಫೈಲಿನಲ್ಲಿ ಇಡಬೇಕು. ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೊಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನಾಗಿಯೇ ತಡೆಯುತ್ತಿದೆ. ಇನ್ನು, ಫೋಲ್ಡರಿನ ಫೈಲುಗಳನ್ನೆಲ್ಲ ಒಂದೇ ಪಟ್ಟಿಯಾಗಿ ಸೇರಿಸುವುದಷ್ಟೇ ಕೆಲಸವಾದರೆ, ಎಕ್ಸೆಲ್ 2016ರಿಂದ ಒಳಗೇ ಇರುವ ಪವರ್ ಕ್ವೆರಿ ಸಾಕು. ಅಲ್ಲಿ ಮ್ಯಾಕ್ರೊ ಬರೆಯುವ ಗೋಜೇ ಇಲ್ಲ.